ಒಂಬತ್ತರ ಮೇಲೆ ನಾಲ್ಕು ಹೋಳಿಗೆ

“ಮಹಾಪ್ರಭು, ಕೂಡುವ ಲೆಕ್ಕಕ್ಕೆ ದಾರಿ ಒಂದೇ. ಒಂದರಿಂದ ಎಣಿಸಬೇಕು. ಬೇರೆ ದಾರಿ ಇದೆ ಅಂತ ಯಾರಾದರೂ ತೋರಿಸಲಿ, ಅವರ ಕಾಲ ಬುಡದಲ್ಲಿ ಶಿಷ್ಯನಾಗಿ ಕೂರುತ್ತೇನೆ!”

ಹೀಗೆ ಜಂಬ ಕೊಚ್ಚಿದವರು ಹೊನ್ನಗಿರಿಯ ಆಸ್ಥಾನ ಪಂಡಿತ ನರಹರಿ ಜೋಯಿಸರು. ಅಂದು ಸರಸ್ವತಿ ಪೂಜೆ. ಅರಮನೆ ಶಾಲೆಯ ಪುಟ್ಟ ಮಕ್ಕಳಿಗೆ ದೊರೆ ಜಗಜಟ್ಟಿರಾಯನ ಎದುರಿಗೇ ಪರೀಕ್ಷೆ.

ಮಕ್ಕಳಿಗೆ ಲೆಕ್ಕ ಕಲಿಸುವ ಶಂಭಯ್ಯ ಐಗಳಿಗೆ ಈ ಮಾತು ತಮ್ಮ ಮೇಲೇ ಅಂತ ಹೊಳೆಯಿತು. ಈ ಜೋಯಿಸರಿಗೆ ತಮ್ಮ ಅಳಿಯನನ್ನು ಶಾಲೆಯ ಐಗಳಾಗಿ ತುರುಕುವ ಆಸೆ ಅಂತ ಅವರಿಗೆ ಗೊತ್ತಿತ್ತು. ಇಪ್ಪತ್ತು ವರ್ಷ ಮಾಡಿದ ಕೆಲಸ ಇವತ್ತು ಹೋದರೆ ಹೋಯಿತು!

ಜೋಯಿಸರು ಆರು ವರ್ಷದ ನೀಲವ್ವನನ್ನು ಕರೆದರು. “ನಾಲ್ಕಕ್ಕೆ ಒಂಬತ್ತು ಕೂಡಿಸು.”

“ಹದಿಮೂರು!”

“ಎಲಾ! ಎಣಿಸಲೇ ಇಲ್ಲವಲ್ಲೇ?”

“ದೊಡ್ಡದು ಒಂಬತ್ತು. ಅದನ್ನ ತಲೇಲಿ ಇಟ್ಕೊಂಡೆ. ನಾಲ್ಕನ್ನ ಬೆರಳಲ್ಲಿ ಹಿಡ್ಕೊಂಡೆ. ಹತ್ತು, ಹನ್ನೊಂದು, ಹನ್ನೆರಡು, ಹದಿಮೂರು. ಮುಗೀತು. ಐಗಳು ಹಂಗೇ ಹೇಳ್ಕೊಟ್ಟಿದ್ದು.”

“ಕೇಳಿದಿರಾ ಪ್ರಭು? ತಲೆಯಲ್ಲಿ ಇಟ್ಟಳಂತೆ! ತಲೆಯೊಳಗಿನ ಒಂಬತ್ತು ಯಾರ ಕಣ್ಣಿಗೆ ಕಾಣುತ್ತದೆ? ಕಾಣದ್ದು ಲೆಕ್ಕವಲ್ಲ. ಮಕ್ಕಳಿಗೆ ಕಳ್ಳಲೆಕ್ಕ ಕಲಿಸುವ ಈ ಐಗಳನ್ನು ಮೊದಲು ಬಿಡಿಸಿ!”

ದೊರೆ ಕೈ ಎತ್ತಿ ಜೋಯಿಸರನ್ನು ತಡೆದ. “ಮೊದಲು ಊಟ ಆಗಲಿ. ತೀರ್ಪು ಆಮೇಲೆ” ಎಂದು ಎದ್ದುಬಿಟ್ಟ.

ಐಗಳ ಮುಖ ಬಾಡಿದ್ದನ್ನು ಆಸ್ಥಾನದ ಹಾಸ್ಯಗಾರ ತಿಪ್ಪರಸ ನೋಡಿದ. ಪಕ್ಕಕ್ಕೆ ಬಂದು, “ಐಗಳೇ, ಹೊಟ್ಟೆ ತುಂಬ ಉಣ್ಣಿ. ಉಳಿದದ್ದು ಹೋಳಿಗೆ ನೋಡಿಕೊಳ್ಳುತ್ತದೆ” ಎಂದು ಪಿಸುಗುಟ್ಟಿದ. ಐಗಳಿಗೆ ತಲೆಬುಡ ಅರ್ಥವಾಗಲಿಲ್ಲ.

ಪೂಜೆಯ ಊಟದಲ್ಲಿ ಅರಮನೆಯದೊಂದು ಪದ್ಧತಿ ಇತ್ತು. ಒಂದೇ ಪಟ್ಟಿಗೆ ಹದಿಮೂರು ಹೋಳಿಗೆ ತಿಂದವರಿಗೆ ದೊರೆ ಜರಿಶಾಲು ಹೊದಿಸುತ್ತಿದ್ದ. ಏಳು ವರ್ಷದಿಂದ ಆ ಶಾಲು ಜೋಯಿಸರ ಹೆಗಲು ಬಿಟ್ಟು ಬೇರೆ ಕಡೆ ಹೋದದ್ದೇ ಇಲ್ಲ. ಈ ಸಲ ಬಡಿಸಿ ಎಣಿಸುವ ಕೆಲಸವನ್ನು ತಿಪ್ಪರಸ ತಾನೇ ಕೇಳಿ ವಹಿಸಿಕೊಂಡ.

ಒಂದು, ಎರಡು, ಮೂರು... ಹೋಳಿಗೆ ಎಲೆಗೆ ಬಿದ್ದದ್ದೇ ತಡ ಮಾಯ! ಒಂಬತ್ತು ಮುಗಿದಾಗ ಜೋಯಿಸರು ಬೆವರು ಒರೆಸಿಕೊಂಡು ಎರಡು ಗುಟುಕು ನೀರು ಕುಡಿದರು. “ಹೂಂ, ಇನ್ನು ನಾಲ್ಕೇ. ಹಾಕು!”

ತಿಪ್ಪರಸ ಹೋಳಿಗೆ ಹಾಕಿ ಗಟ್ಟಿಯಾಗಿ ಕೂಗಿದ: “ಒಂದು!”

“ಏನಯ್ಯಾ ಒಂದು? ಒಂಬತ್ತು ಆಗಲೇ ಆಯಿತಲ್ಲ!”

“ಎಲ್ಲಿ ಸ್ವಾಮಿ? ಎಲೆ ಖಾಲಿ ಇತ್ತಲ್ಲ.”

“ಹೊಟ್ಟೆಯಲ್ಲಿದೆ ಕಣಯ್ಯಾ!”

“ಹೊಟ್ಟೆಯೊಳಗಿನ ಒಂಬತ್ತು ಯಾರ ಕಣ್ಣಿಗೆ ಕಾಣುತ್ತದೆ? ಕಾಣದ್ದು ಲೆಕ್ಕವಲ್ಲ ಅಂತ ಬೆಳಿಗ್ಗೆ ತಾವೇ ಹೇಳಿದಿರಿ. ಒಂದರಿಂದಲೇ ಎಣಿಸಬೇಕು. ಇದಾದ ಮೇಲೆ ಇನ್ನು ಹನ್ನೆರಡು ತಿಂದರೆ ಶಾಲು ತಮ್ಮದೇ!”

ಜೋಯಿಸರು ಹೋಳಿಗೆ ತಟ್ಟೆ ನೋಡಿದರು. ತಮ್ಮ ಹೊಟ್ಟೆ ನೋಡಿಕೊಂಡರು. ಇನ್ನು ಹನ್ನೆರಡು ಎಂದರೆ ಹೊಟ್ಟೆ ಬಿರಿದೇ ಹೋದೀತು! ಶಾಲು ಬಿಡಲೂ ಮನಸ್ಸಿಲ್ಲ. ಕೊನೆಗೆ ಕಿರುಚಿದರು:

“ಅಯ್ಯೋ ಮಾರಾಯ! ಒಂಬತ್ತು ಒಳಗಿದೆ. ಅಲ್ಲಿಂದ ಮುಂದಕ್ಕೆ ಎಣಿಸೋ! ಹತ್ತು, ಹನ್ನೊಂದು, ಹನ್ನೆರಡು, ಹದಿಮೂರು!”

ಎದುರು ಸಾಲಿನಲ್ಲಿ ನೀಲವ್ವ ಎಂಜಲು ಕೈಯಲ್ಲೇ ಚಪ್ಪಾಳೆ ತಟ್ಟಿದಳು. “ಹಂಗೇ! ಹಂಗೇ! ಜೋಯಿಸರಿಗೂ ಬಂತು!”

ಇಡೀ ಪಂಕ್ತಿ ಗೊಳ್ಳೆಂದಿತು. ದೊರೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕು, ಶಾಲನ್ನು ಐಗಳ ಹೆಗಲಿಗೆ ತಾನೇ ಹೊದಿಸಿದ. “ಐಗಳೇ, ಶಾಲೆ ನಿಮ್ಮದು. ಇನ್ನು ಯಾರೂ ಬಾಯಿ ಹಾಕುವಂತಿಲ್ಲ.” ಐಗಳು ಶಾಲಿನ ಅಂಚನ್ನು ಕಣ್ಣಿಗೆ ಒತ್ತಿಕೊಂಡರು.

ತಿಪ್ಪರಸ ಜೋಯಿಸರನ್ನು ಕೈಹಿಡಿದು ಎಬ್ಬಿಸಿ, ಐಗಳ ಮುಂದೆ ತಂದು ನಿಲ್ಲಿಸಿದ.

“ಶಿಷ್ಯನಾಗುತ್ತೇನೆ ಅಂತ ಬೆಳಿಗ್ಗೆಯೇ ಮಾತು ಕೊಟ್ಟಿದ್ದಾರೆ, ಶಾಲೆಗೆ ಸೇರಿಸಿಕೊಳ್ಳಿ ಐಗಳೇ. ಹುಡುಗ ಚುರುಕು. ತಲೆಯಲ್ಲಿ ಇಟ್ಟುಕೊಳ್ಳುವುದು ಇನ್ನೂ ಬಂದಿಲ್ಲ, ಸದ್ಯಕ್ಕೆ ಹೊಟ್ಟೆಯಲ್ಲಿ ಇಟ್ಟುಕೊಳ್ಳುತ್ತಾನೆ!”