ಕತ್ತಿ ತಾಗಿದ ಗಂಟು

"ಬುದ್ಧೀ, ಕತ್ತಿ ತಾಗಿದರೆ ಗಂಟು ಮೈಯೆಲ್ಲ ಹರಡುತ್ತದಂತೆ, ಹೌದೇ?" ಎಂದು ಶಿಷ್ಯ ಶಂಭುಲಿಂಗ ಕೇಳಿದ. ಅವನ ಅಕ್ಕನ ಎದೆಯಲ್ಲಿ ಕಡಲೆಕಾಳಿನಷ್ಟು ಗಂಟು ಕಂಡು, ಅದು ಕ್ಯಾನ್ಸರ್ ಎಂದು ಪರೀಕ್ಷೆಯಲ್ಲಿ ತಿಳಿದು ಎಂಟು ದಿನವಾಗಿತ್ತು. ಡಾಕ್ಟರು ಆಪರೇಷನ್ನಿಗೆ ಬೇಗ ಬನ್ನಿ ಎಂದಿದ್ದರು. ಮನೆಯವರು ಇವನನ್ನು ವಿಭೂತಿ ತರಲು ಮಠಕ್ಕೆ ಅಟ್ಟಿದ್ದರು.

ಗುರುಗಳು ವಿಭೂತಿಗೆ ಕೈ ಹಾಕಲಿಲ್ಲ. ಕತೆ ಹೇಳಿದರು.

ಒಂದೂರಿನಲ್ಲಿ ಒಬ್ಬ ಸೂಲಗಿತ್ತಿ. ಅರ್ಧ ಊರು ಹುಟ್ಟಿದ್ದು ಅವಳ ಕೈಯಲ್ಲೇ. ಹೊಟ್ಟೆ ಮುಟ್ಟಿ ಮಗುವಿನ ತಲೆ ಎಲ್ಲಿದೆ ಎಂದು ಹೇಳುವವಳಿಗೆ, ಒಂದು ದಿನ ಸ್ನಾನ ಮಾಡುವಾಗ ತನ್ನ ಎದೆಯಲ್ಲೇ ಒಂದು ಗಂಟು ಕೈಗೆ ಸಿಕ್ಕಿತು. ನೋವಿರಲಿಲ್ಲ. ಆದರೂ ಅವಳಿಗೆ ಸರಿ ಕಾಣಲಿಲ್ಲ. ಪಟ್ಟಣಕ್ಕೆ ಹೋದಳು. ಡಾಕ್ಟರು ಸೂಜಿಯಲ್ಲಿ ಚೂರು ತೆಗೆದು ಪರೀಕ್ಷೆ ಮಾಡಿಸಿದರು. ಕ್ಯಾನ್ಸರೇ ಹೌದು, ಆದರೆ ಇನ್ನೂ ಇದ್ದಲ್ಲೇ ಇದೆ, ಈಗಲೇ ತೆಗೆದು ಔಷಧಿ ಕೊಟ್ಟರೆ ಬದುಕುವ ಸಾಧ್ಯತೆ ಚೆನ್ನಾಗಿದೆ ಎಂದರು. ಯಾಕೆ ಬಂತು ಎಂದು ಕೇಳಿದ್ದಕ್ಕೆ, ಇದೇ ಕಾರಣ ಎಂದು ಬೆರಳಿಟ್ಟು ತೋರಿಸಲಾಗದು, ಯಾವ ಪಾಪದ ಫಲವೂ ಅಲ್ಲ ಎಂದರು.

ಮನೆಯಲ್ಲಿ ಪಂಚಾಯಿತಿ ಸೇರಿತು. ಗಂಡನ ಅಣ್ಣ ಮೂವರ ಹೆಸರು ಹೇಳಿದ. ಬಳೆಗಾರರ ನಿಂಗವ್ವ, ದರ್ಜಿಯ ತಾಯಿ, ಹೂವಿನ ಹೊನ್ನಮ್ಮ. ಮೂವರಿಗೂ ಇದೇ ಗಂಟು, ಮೂವರಿಗೂ ಕತ್ತಿ ತಾಗಿತು, ಮೂವರೂ ವರ್ಷ ತುಂಬುವುದರೊಳಗೆ ಹೋದರು. ಅವರು ಆಸ್ಪತ್ರೆಗೆ ಹೋದದ್ದು ಯಾವಾಗ ಎಂದು ಅಲ್ಲಿದ್ದ ಒಬ್ಬ ಗಂಡಸಾದರೂ ಕೇಳಬೇಡವೇ? ಲೇಪ, ತಾಯಿತ, ಹರಕೆ ಎಲ್ಲ ಮುಗಿದು, ಗಂಟು ಒಡೆದು ಕೀವು ಸುರಿದ ಮೇಲೆ ಹೋದವರು ಅವರು.

"ಮಗು ಅಡ್ಡ ತಿರುಗಿದಾಗ ಇನ್ನೊಂದಿನ ನೋಡೋಣ ಅಂತ ನಾನು ಕೂತಿದ್ದಿದ್ರೆ, ನಿಮ್ಮ ಮೊಮ್ಮಗ ಇವತ್ತು ಇರ್ತಿದ್ನಾ ಭಾವ?" ಎಂದಳು ಸೂಲಗಿತ್ತಿ.

"ಅದು ಹೆರಿಗೆ, ಇದು ರೋಗ. ಗೊತ್ತಿಲ್ಲದ ವಿಷಯಕ್ಕೆ ನೀನ್ಯಾಕೆ ಬಾಯಿ ಹಾಕ್ತೀಯ?" ಎಂದ ಭಾವ.

ಊರಿನ ಬಸುರಿಯರ ಮೈಯೆಲ್ಲ ಬಲ್ಲವಳಿಗೆ ತನ್ನ ಮೈ ಗೊತ್ತಿಲ್ಲವಂತೆ. ಈ ಮಾತು ಕೇಳಿ ಸಿಟ್ಟು ಬರದವನು ಮನುಷ್ಯನಲ್ಲ. ಅವಳ ಎದೆಗೆ ಸೊಪ್ಪು ಅರೆದು ಕಟ್ಟಿದರು. ಒಂದು ವರ್ಷ ಕಟ್ಟಿದರು. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಬೇಕಾಯಿತು. ಹುಣ್ಣಾಗಿ, ಉಸಿರು ಕಟ್ಟತೊಡಗಿದ ಮೇಲೆ ಆಸ್ಪತ್ರೆಗೆ ಹೊತ್ತೊಯ್ದರು. ಡಾಕ್ಟರು ಹುಣ್ಣನ್ನು ಕೊಯ್ದು ತೆಗೆದರು, ಆದರೆ ರೋಗ ಅಷ್ಟರಲ್ಲಿ ಶ್ವಾಸಕೋಶ ಸೇರಿತ್ತು. ಅವಳು ಎರಡು ತಿಂಗಳು ಉಳಿದಳು.

ಸಾವಿನ ಮನೆಯಲ್ಲಿ ಭಾವ ಬಂದವರಿಗೆಲ್ಲ ಹೇಳಿದ, ಕತ್ತಿ ತಾಗಿತು ನೋಡಿ, ಹೋದಳು ಅಂತ. ಎಲ್ಲರೂ ಹೌದೆಂದು ತಲೆಯಾಡಿಸಿದರು. ಆ ಊರಿನವರಿಗೆ ಹೇಳಲು ಈಗ ನಾಲ್ಕು ಹೆಸರುಗಳಾದವು.

ಗುರುಗಳು ಶಂಭುಲಿಂಗನ ಮುಖ ನೋಡಿದರು.

"ನಿನ್ನ ಅಕ್ಕ ಅವರಲ್ಲಿ ಐದನೆಯವಳಾಗಬೇಕೋ, ಬೇಗ ಹೋಗಿ ಬದುಕಿ ಬಂದವರಲ್ಲಿ ಮೊದಲನೆಯವಳಾಗಬೇಕೋ?"

ಶಂಭುಲಿಂಗ ವಿಭೂತಿ ಕೇಳದೆ ಎದ್ದು ಮನೆಯ ದಾರಿ ಹಿಡಿದ.