ಚೌಡಮ್ಮನ ಬಿಂದಿಗೆ

ಕೊಳೆಗೇರಿಯ ನಲ್ಲಿಯಲ್ಲಿ ಮತ್ತೆ ನೀರು ಬರುವುದು ನಿಂತಿತ್ತು. ಸಹಾಯಕ್ಕೆಂದು ಬಂದ ಸಂಸ್ಥೆಯ ಸಾಹೇಬರ ಕೈಯಲ್ಲಿದ್ದ ಹೊಸ ಮೈಕು, ನೀರಿಗಾಗಿ ಹೋರಾಡಲು ಬನ್ನಿ ಎಂದು ಎಷ್ಟು ಕೂಗಿದರೂ ಒಂದು ಬಾಗಿಲೂ ತೆರೆಯಲಿಲ್ಲ.

ಮೈಕು ಪಕ್ಕದಲ್ಲಿದ್ದ ನೆಗ್ಗಿದ ಬಿಂದಿಗೆಯನ್ನು ಕೇಳಿತು: "ಅಜ್ಜಿ, ನಿನ್ನ ಕಾಲದಲ್ಲಿ ಇವರೆಲ್ಲ ಹೇಗೆ ಬರುತ್ತಿದ್ದರು?"

"ಇದೇ ಕೇರಿಯ ಚೌಡಮ್ಮ ಸೌಟಿನಿಂದ ನನ್ನ ಬೆನ್ನಿಗೆ ಬಾರಿಸುತ್ತಿದ್ದಳು. ಹೆಂಗಸರೆಲ್ಲ ಒಲೆಯ ಮೇಲಿನ ರೊಟ್ಟಿ ಹೆಂಚು ಇಳಿಸಿ, ಖಾಲಿ ಕೊಡ ಹಿಡಿದು ಓಡಿಬರುತ್ತಿದ್ದರು. ರಸ್ತೆಯೇ ತುಂಬಿಹೋಗುತ್ತಿತ್ತು. ಎಂಥ ದಿನಗಳು, ಮಗಾ! ಅವಳ ಮನೆಯಲ್ಲೂ ನೀರಿಲ್ಲವೆಂದು ಎಲ್ಲರಿಗೂ ಗೊತ್ತಿತ್ತು."

"ಈಗ ಅವಳೆಲ್ಲಿ?"

"ಅಗೋ, ನಿನಗೆ ಚಪ್ಪಾಳೆ ತಟ್ಟಲು ಕೂರಿಸಿದ್ದಾರೆ."

ಮೈಕು ಗೊರಗೊರ ಎಂದಿತು. ಸಾಹೇಬರು ಅದನ್ನು ಆರಿಸದೆಯೇ ಕೆಳಗಿಟ್ಟರು. ಚೌಡಮ್ಮ ಎದ್ದು ಅದರ ಪಕ್ಕದಲ್ಲೇ ಬಿಂದಿಗೆ ಬಾರಿಸಿದಳು. ಮೈಕು ಆ ಹಳೆಯ ಸದ್ದನ್ನು ಬೀದಿಬೀದಿಗೆ ಹೊತ್ತೊಯ್ದಿತು. ಮನೆಮನೆಯಲ್ಲೂ ರೊಟ್ಟಿ ಹೆಂಚು ಒಲೆಯಿಂದ ಕೆಳಗಿಳಿಯಿತು.