ಆಮೆಯ ಬೆನ್ನು ಕುಟ್ಟಿದ ಮನಶ್ಶಾಸ್ತ್ರಜ್ಞ

ಆಮೆಗಳಿಗೆ ಮಾತು ಕಲಿಸಿದವನೇ ನಾನಾದ್ದರಿಂದ ಈ ಕಥೆಯಲ್ಲಿ ಒಂದಕ್ಷರವೂ ಸುಳ್ಳಿಲ್ಲ. ಕಾಡಿನ ಕೆರೆ ಬತ್ತುತ್ತಾ ಬಂದು ಒಂದು ಸಣ್ಣ ಗುಂಡಿಯಷ್ಟು ನೀರು ಉಳಿದಿತ್ತು. ಆಗ ಮನಶ್ಶಾಸ್ತ್ರಜ್ಞ ಮರಕುಟಿಗ ಹಾರಿಬಂದು, ತಲೆ ಒಳಗೆಳೆದುಕೊಂಡು ಮಲಗಿದ್ದ ತಾಯಿ ಆಮೆಯ ಚಿಪ್ಪನ್ನು ಟಕಟಕ ಕುಟ್ಟಿ ಕಿವಿಗೊಟ್ಟ.

“ಒಳಗೆಲ್ಲ ಟೊಳ್ಳು. ಕೆರೆಯ ಬಗ್ಗೆ ನಿಮಗೆ ಕಾಳಜಿಯೇ ಇಲ್ಲ. ಮನೋಭಾವ ಬದಲಾಗಬೇಕು, ತಾಯಿ.”

ಆಮೆ ತಲೆ ಹೊರಹಾಕಿತು. “ಪಂಡಿತರೇ, ನೀವು ಕುಟ್ಟಿದ್ದು ನನ್ನ ಬೆನ್ನು.”

“ಇರಲಿ. ತಲೆ ಕುಟ್ಟಿದ್ದರೂ ಇದೇ ತೀರ್ಮಾನ ಬರುತ್ತಿತ್ತು.”

“ನಾನು ಕುಡಿಯುವುದು ನಾಲ್ಕು ಹನಿ. ದಿನವೂ ಕೆರೆಯನ್ನೇ ಮೈಮೇಲೆ ಸುರಿದುಕೊಳ್ಳುವ ಆನೆ ಅಲ್ಲೇ ನಿಂತಿದೆ. ಅದರ ತಲೆ ಕುಟ್ಟಿದಿರಾ?”

“ಛೇ ಛೇ! ನನ್ನನ್ನು ನಿಮ್ಮ ಬಳಿ ಕಳಿಸಿದವರೇ ಅವರು.”

ಆಮೆಗೆ ಮೈಯೆಲ್ಲ ಉರಿದುಹೋಯಿತು. ಮರಕುಟಿಗನ ಬಾಲ ಕಚ್ಚಿ, ಕೆಸರಲ್ಲಿ ದರದರ ಎಳೆದುಕೊಂಡು ಹೋಗಿ ಆನೆಯ ಮುಂದೆ ಬಿಟ್ಟಿತು. “ನನ್ನ ಮರಿಗಳಿಗೆ ಉಳಿದಿರುವುದು ಇದೊಂದೇ ಗುಂಡಿ. ಈಗ ಕುಟ್ಟು!”

ಮರಕುಟಿಗ ಆನೆಯ ನೆತ್ತಿಯೇರಿದ. ಕೊಕ್ಕು ಮುಟ್ಟಿಸದೆ, ರೆಕ್ಕೆಯ ತುದಿಯಿಂದ ಮೆಲ್ಲನೆ ಸವರಿ ಕೇಳಿದ: “ನಿದ್ದೆ ಚೆನ್ನಾಗಿ ಬಂತೇ, ದೊರೆ?”

ದೊರೆ ಗುಂಡಿಯ ನೀರನ್ನೆಲ್ಲ ಸೊಂಡಿಲಲ್ಲಿ ಹೀರಿ ಬೆನ್ನಿಗೆ ಚಿಮ್ಮಿಕೊಂಡಿತು. ಬರೀ ಕೆಸರಲ್ಲಿ ಮರಿಗಳು ಬಾಯಿ ಬಾಯಿ ಬಿಟ್ಟವು. ಆಮೆ ಕಿರುಚಿತು.

ಮರಕುಟಿಗ ಮೇಲಿನಿಂದ ಬಗ್ಗಿ ನೋಡಿ, “ಕಂಡಿರಾ? ಎಷ್ಟೊಂದು ಕೋಪ! ಅದಕ್ಕೇ ಹೇಳಿದ್ದು, ಚಿಕಿತ್ಸೆ ಬೇಕಾಗಿರುವುದು ನಿಮಗೆ” ಎಂದ.